ತೋಪಿನೊಳಗೆ ದಾರಿ: ಹಳೆ ಮಿನಿ ಟ್ರ್ಯಾಕ್ಟರಿನ ಕೆಲಸ

ಕನಕಪುರ ರಸ್ತೆಯಾಚೆ, ಆನೇಕಲ್ ಸುತ್ತ, ದೇವನಹಳ್ಳಿ ಕಡೆ ವರ್ಷಗಟ್ಟಲೆ ಬೀಳುಬಿಟ್ಟ ನೀಲಗಿರಿ ತೋಪುಗಳ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಮರಗಳ ಬುಡದ ತುಂಬ ಲಂಟಾನ ಹಬ್ಬಿರುತ್ತದೆ. ದಾರಿ ಬೇಕೆಂದಾಗ ಮೊದಲು ಹೊಳೆಯುವುದು ಜೆಸಿಬಿ. ಅದು ಅರ್ಧ ದಿನದಲ್ಲಿ ಎಂಟು ಅಡಿ ಅಗಲಕ್ಕೆ ಮೇಲ್ಮಣ್ಣು ಕೆರೆದು, ಬೇರು ಹರಿದು, ಮಣ್ಣನ್ನು ಎರಡೂ ಬದಿಗೆ ರಾಶಿ ಹಾಕಿ ಹೋಗುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಮಳೆ ಬಂದಾಗ ಆ ದಾರಿಯೇ ಕಾಲುವೆಯಾಗುತ್ತದೆ. ನಡೆದಾಡಲು, ಸೈಕಲ್ ಓಡಿಸಲು, ಸಣ್ಣ ಟ್ರೇಲರ್ ಎಳೆಯಲು ಐದು ಅಡಿ ಅಗಲ ಸಾಕು. ಅಷ್ಟಕ್ಕೆ ಹಳೆಯ ಮಿನಿ ಟ್ರ್ಯಾಕ್ಟರ್ ಹೇಳಿ ಮಾಡಿಸಿದಂತಿದೆ.

ಬೆಂಗಳೂರಿನ ಸುತ್ತ ಹೆಚ್ಚಾಗಿ ಸಿಗುವುದು ವಿಎಸ್‌ಟಿಯ 18.5 ಅಶ್ವಶಕ್ತಿಯ, ಮೂರು ಸಿಲಿಂಡರಿನ ಗಾಡಿ. ಕಂಪನಿ 1967ರಲ್ಲಿ ಇಲ್ಲೇ ಶುರುವಾದದ್ದರಿಂದ ಅದರ ಎಂಜಿನ್ ಬಿಚ್ಚಬಲ್ಲ ಮೆಕ್ಯಾನಿಕ್‌ಗಳೂ ಇಲ್ಲೇ ಇದ್ದಾರೆ. ಎಚ್‌ಎಂಟಿಯ ಹಳೆ 25 ಅಶ್ವಶಕ್ತಿಯ ಗಾಡಿಯೂ ಗಟ್ಟಿ. ಆದರೆ ಅದು ಹೆಚ್ಚು ಅಗಲ, ಎಳೆಯುವುದು ಹಿಂದಿನ ಎರಡೇ ಚಕ್ರ. ಹಾಗಾಗಿ ಮಟ್ಟಸ ನೆಲಕ್ಕೆ ಮಾತ್ರ ಇಟ್ಟುಕೊಳ್ಳಿ. ಇಳಿಜಾರಿದ್ದರೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಎರಡು ಚಕ್ರದ, ಹಿಡಿಕೆ ಹಿಡಿದು ನಡೆಸುವ ಪವರ್ ಟಿಲ್ಲರ್ ಹೊಲಕ್ಕೆ ಒಳ್ಳೆಯದು, ಇಳಿಜಾರಿನ ದಾರಿಗೆ ಬೇಡ.

ಕೆಲಸಕ್ಕಿಳಿಸುವ ಮೊದಲು ಹೈಡ್ರಾಲಿಕ್ ಲಿಫ್ಟ್ ನೋಡಿ. ಮಣ್ಣು ಕೆರೆಯಲು ಗಾಡಿಯ ಹಿಂದೆ ಕಟ್ಟುವ ಉಕ್ಕಿನ ಅಡ್ಡ ಅಲಗನ್ನು, ಅಂದರೆ ಬ್ಲೇಡನ್ನು, ಪೂರ್ತಿ ಎತ್ತಿ, ಎಂಜಿನ್ ಆರಿಸಿ, ಕಾಲು ಗಂಟೆ ಬಿಡಿ. ಬ್ಲೇಡು ಕಣ್ಣಿಗೆ ಕಾಣುವಷ್ಟು ಇಳಿದರೆ ಸೀಲ್ ಹೋಗಿರಬಹುದು. ಅಂಥ ಗಾಡಿಯಲ್ಲಿ ಮಣ್ಣನ್ನು ಒಂದೇ ಆಳಕ್ಕೆ ಕೆರೆಯಲಾಗದು. ಆಮೇಲೆ ಬ್ಲೇಡನ್ನು ಗಾಡಿಗೆ ಸೇರಿಸುವ ಮೂರು ತೋಳುಗಳಲ್ಲಿ (ಲಿಂಕ್) ಕೆಳಗಿನ ಎರಡರ ಪಿನ್ನುಗಳನ್ನು ಕೈಯಲ್ಲಿ ಅಲ್ಲಾಡಿಸಿ. ಈ ಮೂರು ತೋಳಿನ ಜೋಡಣೆ ಒಂದನೇ ಕೆಟಗರಿಯ ಹಿಚ್ ಆಗಿದ್ದರೆ ಕೆಳಗೆ 22 ಮಿ.ಮೀ., ಮೇಲಿನ ತೋಳಾದ ಟಾಪ್ ಲಿಂಕ್‌ಗೆ 19 ಮಿ.ಮೀ. ಪಿನ್ನು. ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಬ್ಲೇಡು ನಡುಗಿ ದಾರಿಯ ತುಂಬ ಅಲೆ ಮೂಡಿಸುತ್ತದೆ. ತೂತಿಗೆ ಬುಷ್ (ಲೋಹದ ಒಳಬಳೆ) ಹಾಕಿಸಿ. ಬೇರಿಂಗ್ ಮೇಲೆ ಸಂಖ್ಯೆ, ಆಯಿಲ್ ಸೀಲ್ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಅಚ್ಚಾಗಿರುತ್ತವೆ. ಕಂಪನಿ ಭಾಗ ಸಿಗದಿದ್ದರೂ ಆ ಅಂಕಿ ಬರೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋದರೆ ಹೊಂದುವುದು ಸಿಗುತ್ತದೆ.

ಹಿಂದಿನ ಟೈರಿಗೆ ನೀರು ತುಂಬಿಸಿ. ವಾಲ್ವ್ ಮೇಲ್ತುದಿಗೆ ಬರುವಂತೆ ಚಕ್ರ ತಿರುಗಿಸಿ, ವಾಲ್ವ್ ಮಟ್ಟದವರೆಗೆ ತುಂಬಿದರೆ ಸುಮಾರು ಮುಕ್ಕಾಲು ಭಾಗ ನೀರಾಗುತ್ತದೆ. ಭಾರ ನೆಲದ ಹತ್ತಿರವೇ ಕೂರುವುದರಿಂದ ಹಿಡಿತವೂ ಹೆಚ್ಚು, ಗಾಡಿಯೂ ಸ್ಥಿರ.

ಯಂತ್ರಕ್ಕಿಂತ ಮೊದಲು ದಾರಿಯ ಗೆರೆ ಆಗಬೇಕು. ಏರಿಳಿತ ಅಳೆಯಲು ಗಾರೆ ಕೆಲಸದವರ ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಕೊಳವೆ) ಸಾಕು. ಗುಡ್ಡದ ಇಳಿಜಾರು 30 ಅಡಿಗೆ 5 ಅಡಿ ಇದ್ದರೆ, ದಾರಿಯ ಇಳಿಜಾರು ಅದೇ 30 ಅಡಿಗೆ ಎರಡೂವರೆ ಅಡಿ ಮೀರಬಾರದು, ಅಂದರೆ ಅರ್ಧ. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟುವುದಿಲ್ಲ, ದಾರಿಗುಂಟ ಓಡುತ್ತದೆ. ಒಟ್ಟಾರೆ 30 ಅಡಿಗೆ 3 ಅಡಿಗಿಂತ ಕಡಿದಾದ ದಾರಿ ನಮ್ಮ ಕೆಂಪು ಮಣ್ಣಿನಲ್ಲಿ ನಿಲ್ಲುವುದು ಕಷ್ಟ. 50–60 ಅಡಿಗೊಮ್ಮೆ ದಾರಿ ಸ್ವಲ್ಪ ಇಳಿದು ಮತ್ತೆ ಏರುವಂತೆ ಗೂಟ ಹೊಡೆಯಿರಿ. ಆ ತಗ್ಗಿನಲ್ಲೇ ನೀರು ಹೊರಬೀಳಬೇಕು. ದೊಡ್ಡ ಮರದ ಬುಡದಿಂದ ಕನಿಷ್ಠ ಐದಾರು ಅಡಿ ದೂರವಿರಿ. ಗೆರೆಯಲ್ಲಿ ಮರ ಬಂದರೆ ಗೆರೆಯನ್ನೇ ಬದಲಿಸುವುದು ಲೇಸು. ಕಡಿಯಲೇಬೇಕೆಂದರೆ ಸ್ವಂತ ಜಮೀನಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಲಂಟಾನ ತೆಗೆಯುವುದು ಕೈಕೆಲಸ. ಮೇಲೆ ಸವರಿದರೆ ಮೊದಲ ಮಳೆಗೇ ದುಪ್ಪಟ್ಟು ಚಿಗುರುತ್ತದೆ. ಪಿಕಾಸಿಯಿಂದ ನೆಲದೊಳಗೆ ಎರಡಿಂಚು ಕೆಳಗೆ ತಾಯಿಬೇರು ಕಡಿದು, ಬುಡ ಮೇಲಾಗಿ ಮಗುಚಿ ಒಣಗಿಸಬೇಕು. ಪೊದೆಯಲ್ಲಿ ಕೊಳಕುಮಂಡಲ ಇರಬಹುದು. ಉದ್ದ ಕೋಲಿನಿಂದ ಬಡಿದು ನೋಡದೆ ಕೈ ಹಾಕಬೇಡಿ, ಗಂಬೂಟು ಇಲ್ಲದೆ ಇಳಿಯಬೇಡಿ.

ಕಡಿದ ಪೊದೆ, ಬಿದ್ದ ದಿಮ್ಮಿ ಎಳೆಯಲು ಟ್ರ್ಯಾಕ್ಟರ್ ಬರಲಿ. ಸರಪಳಿಯನ್ನು ಗಾಡಿಯ ಹಿಂದಿನ ಎಳೆಯುವ ಪಟ್ಟಿಗೆ, ಅಂದರೆ ಡ್ರಾಬಾರ್‌ಗೆ ಮಾತ್ರ ಕಟ್ಟಿ, ಅದೂ ತಗ್ಗಿನಲ್ಲಿ. ಟಾಪ್ ಲಿಂಕ್‌ಗೋ ಆಕ್ಸಲ್‌ಗೋ ಕಟ್ಟಿ ನೀಲಗಿರಿ ಬೊಡ್ಡೆ ಎಳೆದರೆ ಬೊಡ್ಡೆ ಬಿಡುವುದಿಲ್ಲ, ಗಾಡಿಯ ಮೂತಿ ಮೇಲೇಳುತ್ತದೆ. ಕ್ಲಚ್ ತುಳಿಯುವಷ್ಟರಲ್ಲಿ ಗಾಡಿ ಚಾಲಕನ ಮೇಲೆ ಮಗುಚಿರುತ್ತದೆ. ಹಳೆ ಗಾಡಿಗಳಲ್ಲಿ ತಲೆ ಕಾಯುವ ಉಕ್ಕಿನ ಚೌಕಟ್ಟು ಇರುವುದಿಲ್ಲ. ಬೊಡ್ಡೆಯನ್ನು ನೆಲಮಟ್ಟಕ್ಕೆ ಕೊಯ್ದು ಬಿಡಿ, ಇಲ್ಲವೇ ದಾರಿಯನ್ನೇ ಬೊಡ್ಡೆಯ ಸುತ್ತ ತಿರುಗಿಸಿ ಒಯ್ಯಿರಿ.

ಮಟ್ಟ ಮಾಡುವುದಕ್ಕೆ ಮಣ್ಣಿನ ಹದ ಮುಖ್ಯ. ಮಳೆ ಬಿಟ್ಟ ಒಂದೆರಡು ದಿನಕ್ಕೆ ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ನಾಲ್ಕಾರು ಹೋಳಾದರೆ ಹದ ಸರಿ. ಚಪ್ಪಟೆಯಾದರೆ ಇನ್ನೂ ಹಸಿ, ಪುಡಿಯಾದರೆ ಒಣಗಿದೆ. ಮಾರ್ಚ್ ತಿಂಗಳ ಒಣ ಮಣ್ಣಿನಲ್ಲಿ ದುಡಿದರೆ ದಾರಿಯೂ ಕೂರುವುದಿಲ್ಲ, ಕೆಂಪು ದೂಳು ಏರ್ ಕ್ಲೀನರಿನ ಎಣ್ಣೆಯನ್ನು ಒಂದೇ ದಿನದಲ್ಲಿ ಕೆಸರಾಗಿಸುತ್ತದೆ. ಮೇ ತಿಂಗಳ ಮಳೆಯ ನಂತರ, ಜೂನ್–ಜುಲೈನ ಬಿಡುವುಗಳಲ್ಲಿ ಕೆಲಸ ಮುಗಿಸಿ.

ಮೊದಲು ತರಗು, ಗೊಬ್ಬರಮಣ್ಣು ಬಳಿದು ಗಟ್ಟಿ ಮಣ್ಣು ಕಾಣಿಸಿ. ತರಗಿನ ಮೇಲೆ ಮಣ್ಣು ಹರಡಿದರೆ ಅದು ಕೊಳೆತು ದಾರಿ ಕುಸಿಯುತ್ತದೆ. ಆಮೇಲೆ ಬ್ಲೇಡನ್ನು 25–30 ಡಿಗ್ರಿ ಓರೆ ಮಾಡಿ, ಮೊದಲ ಗೇರಿನಲ್ಲಿ, ಸಲಕ್ಕೆ ಒಂದೂವರೆ ಇಂಚಿಗಿಂತ ಹೆಚ್ಚು ಕೆರೆಯದೆ ಸಾಗಿ. ಐದು ಅಡಿ ಅಗಲದ ದಾರಿಯ ಹೊರ ಅಂಚು ಒಳ ಅಂಚಿಗಿಂತ ಮೂರು ಇಂಚು ಕೆಳಗಿರಲಿ. ಹೆಬ್ಬೆರಳಿಗಿಂತ ದಪ್ಪನೆಯ ಜೀವಂತ ಬೇರು ಸಿಕ್ಕಲ್ಲಿ ಬ್ಲೇಡು ಎತ್ತಿ ದಾಟಿಸಿ.

ಗಿಡ್ಡ ಗಾಡಿಗೆ ಹಿಂದೆ ಬ್ಲೇಡು ಕಟ್ಟಿದಾಗ ಒಂದು ತೊಂದರೆ ತಪ್ಪದು. ಮುಂದಿನ ಚಕ್ರ ಉಬ್ಬು ಹತ್ತಿದರೆ ಬ್ಲೇಡು ಆಳಕ್ಕಿಳಿಯುತ್ತದೆ, ಚಕ್ರ ಇಳಿದರೆ ಬ್ಲೇಡು ಏಳುತ್ತದೆ, ಮತ್ತೆ ಮತ್ತೆ ಓಡಿಸಿದಷ್ಟೂ ಅಲೆ ದೊಡ್ಡದಾಗುತ್ತದೆ. ಇದಕ್ಕೆ ಮದ್ದು ಎಳೆಪಟ್ಟಿ. ಅಮೆರಿಕದ ಮಿಸ್ಸೌರಿಯ ರೈತ ಡಿ. ವಾರ್ಡ್ ಕಿಂಗ್ ಸೀಳಿದ ದಿಮ್ಮಿಗಳನ್ನು ಜೋಡಿಸಿ, ಕುದುರೆ ಕಟ್ಟಿ, ಮಳೆಯಾದ ಮೇಲೆ ಮಣ್ಣುರಸ್ತೆಯ ಮೇಲೆ ಎಳೆಸುತ್ತಿದ್ದ. 20ನೇ ಶತಮಾನದ ಆರಂಭದಲ್ಲಿ ಆ ದೇಶದ ಹಳ್ಳಿ ರಸ್ತೆಗಳು ಸುಧಾರಿಸಲು ಅದು ದೊಡ್ಡ ಕಾರಣ. ನಮಗೆ ಗುಜರಿಯಲ್ಲಿ ಸಿಗುವ ಐದು ಅಡಿ ಉದ್ದದ ಎರಡು ಚಾನೆಲ್ ಕಬ್ಬಿಣ ಸಾಕು. ಎರಡರ ನಡುವೆ ಎರಡಡಿ ಬಿಟ್ಟು ಅಡ್ಡಪಟ್ಟಿ ಬೆಸೆಯಿಸಿ, ಓರೆಯಾಗಿ ಬರುವಂತೆ ಒಂದು ಬದಿಯ ಸರಪಳಿ ಗಿಡ್ಡ ಮಾಡಿ. ಭಾರ ಬೇಕಿದ್ದರೆ ಮರಳುಚೀಲ ಕಟ್ಟಿ, ಆಳನ್ನು ಮಾತ್ರ ನಿಲ್ಲಿಸಬೇಡಿ. ಮುಂದಿನ ಪಟ್ಟಿ ಉಬ್ಬನ್ನು ಕೊಯ್ಯುತ್ತದೆ, ಹಿಂದಿನದು ಆ ಮಣ್ಣನ್ನು ತಗ್ಗಿಗೆ ತುಂಬುತ್ತದೆ.

ಇಷ್ಟೆಲ್ಲ ಆದ ಮೇಲೂ ದಾರಿ ಕೆಡುವುದು ಹೊರ ಅಂಚಿನಲ್ಲಿ. ಬ್ಲೇಡು ಜಾರಿಸಿದ ಮಣ್ಣು ಅಲ್ಲಿ ಮೂರು ನಾಲ್ಕು ಇಂಚಿನ ಬದುವಾಗಿ ನಿಂತಿರುತ್ತದೆ. ನೋಡಲು ಅಂದ, ಆದರೆ ನೀರನ್ನು ದಾರಿಯೊಳಗೇ ಹಿಡಿದಿಟ್ಟು ಕೊರಕಲು ಮಾಡುವುದು ಅದೇ. ಯಂತ್ರದಿಂದ ಅದು ಪೂರ್ತಿ ಹೋಗುವುದಿಲ್ಲ, ಗುದ್ದಲಿ ಹಿಡಿದೇ ಕೆಳಗಿನ ಇಳಿಜಾರಿಗೆ ಎಳೆದು ಹರಡಬೇಕು.

ದಿನದ ಕೊನೆಗೆ ರೇಡಿಯೇಟರ್ ಜಾಲರಿಯಿಂದ ಲಂಟಾನ ಹೂವು, ಎಲೆಚೂರು ಊದಿ ತೆಗೆಯಿರಿ, ಫ್ಯಾನ್ ಕಡೆಯಿಂದ ಹೊರಕ್ಕೆ. ಸೈಲೆನ್ಸರ್ ಪಕ್ಕ ಸಿಕ್ಕಿದ ಒಣ ತರಗನ್ನು ಆಗಾಗ ತೆಗೆಯದಿದ್ದರೆ ಬೆಂಕಿ ಹೊತ್ತೀತು. ಮೊದಲ ಜೋರು ಮಳೆಯ ಮರುದಿನ ದಾರಿ ಪೂರ್ತಿ ನಡೆದು ನೋಡಿ: ಸಣ್ಣ ಮರಳು ಪಟ್ಟೆಯಾಗಿ ಕೂತಲ್ಲಿ ನೀರು ನಿಂತಿದೆ, ಬೆರಳಗಲದ ಸೀಳು ಬಿದ್ದಲ್ಲಿ ನೀರು ಓಡಿದೆ. ಎರಡೂ ಕಡೆ ಗೂಟ ನೆಟ್ಟು, ನೀರು ನಿಂತಲ್ಲಿ ಹೊರ ಅಂಚನ್ನು ಎರಡಡಿ ಅಗಲಕ್ಕೆ ಕಡಿದು ಬಿಡಿ, ಸೀಳು ಬಿದ್ದ ಜಾಗಕ್ಕಿಂತ ಹತ್ತಡಿ ಮೇಲೆ ಹೊಸ ತಗ್ಗು ಮಾಡಿ, ಮಣ್ಣು ಹದಕ್ಕೆ ಬಂದ ಕೂಡಲೇ ಎಳೆಪಟ್ಟಿಯನ್ನು ಇನ್ನೊಮ್ಮೆ ಆಡಿಸಿ.