ಊರಿಗೆ ಅವಸರ, ಸೋಡಿಯಂ ಕೇಳಬೇಕಲ್ಲ

ಅಣು ವಿದ್ಯುತ್ ಸ್ಥಾವರ ಅಂದರೆ 'ನಮ್ಮೂರಿಗೆ ಬೇಡ' ಅನ್ನುವ ಮಾತೇ ನಮಗೆ ಜಾಸ್ತಿ ಪರಿಚಯ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಆಗಿದ್ದು ಉಲ್ಟಾ. 2021ರಲ್ಲಿ ಕೆಮ್ಮರರ್, ಗಿಲೆಟ್, ಗ್ಲೆನ್‌ರಾಕ್, ರಾಕ್ ಸ್ಪ್ರಿಂಗ್ಸ್ ಎಂಬ ನಾಲ್ಕು ಊರುಗಳು ಅದು ತಮಗೇ ಬೇಕೆಂದು ಪೈಪೋಟಿಗೆ ಇಳಿದವು. ಗೆದ್ದದ್ದು ಕೆಮ್ಮರರ್. ಇರುವುದು ಸುಮಾರು 2,400 ಜನ.

ಈ ಉತ್ಸಾಹ ಸುಮ್ನೆ ಬಂದದ್ದಲ್ಲ. ನಾಲ್ಕೂ ಕಲ್ಲಿದ್ದಲು ಸ್ಥಾವರ ನಂಬಿ ಬದುಕಿದ ಊರುಗಳು. ಕಲ್ಲಿದ್ದಲು ನಿಂತರೆ ಸಂಬಳ ನಿಲ್ಲುತ್ತದೆ, ತೆರಿಗೆ ನಿಲ್ಲುತ್ತದೆ, ಆಮೇಲೆ ಶಾಲೆಯೂ ಖಾಲಿ.

ಬಿಲ್ ಗೇಟ್ಸ್ ಸ್ಥಾಪಿಸಿದ ಟೆರಾಪವರ್ ಕಂಪನಿ ಅಲ್ಲಿ ಕಟ್ಟುತ್ತಿರುವ ರಿಯಾಕ್ಟರ್ ಹೆಸರು ನೇಟ್ರಿಯಂ. ಸೋಡಿಯಂನ ಲ್ಯಾಟಿನ್ ಹೆಸರು ಅದು. ಹೈಸ್ಕೂಲಿನಲ್ಲಿ 'ಎನ್ಎ' ಎಂದು ಉರು ಹೊಡೆದದ್ದು ನೆನಪಿದೆ ಅಲ್ವಾ? ಆ ಎರಡಕ್ಷರದ ಮೂಲ ಇದೇ. ಇಲ್ಲಿ ರಿಯಾಕ್ಟರಿನ ಶಾಖ ಹೊರತರುವುದು ನೀರಲ್ಲ, ಕರಗಿದ ಸೋಡಿಯಂ. ತಮಿಳುನಾಡಿನ ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ರಿಯಾಕ್ಟರಿನಲ್ಲಿರುವುದೂ ಇದೇ ಲೋಹ.

ಬೇಗ ಕಟ್ಟಲು ಕಂಪನಿ ಒಂದು ಜಾಣತನ ಮಾಡಿತು. ಸ್ಥಾವರವನ್ನು ಎರಡು ಭಾಗ ಮಾಡಿತು. ಒಂದು ಕಡೆ ರಿಯಾಕ್ಟರ್. ಇನ್ನೊಂದು ಕಡೆ ಕರಗಿದ ಉಪ್ಪಿನ ದೊಡ್ಡ ಟ್ಯಾಂಕ್‌ಗಳು ಮತ್ತು ಟರ್ಬೈನ್. ರಿಯಾಕ್ಟರಿನ ಸಾಮರ್ಥ್ಯ 345 ಮೆಗಾವಾಟ್. ಉಪ್ಪಿನಲ್ಲಿ ಕೂಡಿಟ್ಟ ಬಿಸಿಯನ್ನೂ ಸೇರಿಸಿದರೆ ಸುಮಾರು ಐದೂವರೆ ಗಂಟೆ 500 ಮೆಗಾವಾಟ್ ಸಿಗುತ್ತದೆ. ಉಪ್ಪಿನ ಕಡೆ ಅಣು ಕೆಲಸವೇ ಇಲ್ಲ. ಹಾಗಾಗಿ ಒಕ್ಕೂಟ ಸರ್ಕಾರದ ಅಣು ನಿಯಂತ್ರಣ ಆಯೋಗದ ಒಪ್ಪಿಗೆಗೆ ಕಾಯದೆ 2024ರ ಜೂನ್‌ನಲ್ಲೇ ಗುದ್ದಲಿ ಬಿತ್ತು. ಅಣು ಅಲ್ಲದ ಭಾಗಕ್ಕೆ 2025ರ ಜನವರಿಯಲ್ಲಿ ರಾಜ್ಯವೇ ಪರವಾನಗಿ ಕೊಟ್ಟಿತು. ಊರು, ರಾಜ್ಯ ಜೊತೆಗಿದ್ದರೆ ನಿಜವಾಗಿ ದಿನ ಉಳಿಯುವುದು ಇಂಥ ಕಡೆ.

ರಿಯಾಕ್ಟರ್ ಭಾಗದಲ್ಲಿ ಊರಿನ ಪ್ರೀತಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಸೋಡಿಯಂ ಕರಗುವುದು 98 ಡಿಗ್ರಿಗೆ, ಕುದಿಯುವುದು 883ಕ್ಕೆ. ಆದ್ದರಿಂದ ಅದನ್ನು ದ್ರವವಾಗಿಯೇ ಇಡಲು ಒತ್ತಡ ಬೇಕಿಲ್ಲ. ಈಗ ಜಾಸ್ತಿ ಬಳಕೆಯಲ್ಲಿರುವ ಒತ್ತಡದ ನೀರಿನ ರಿಯಾಕ್ಟರಿನಲ್ಲಿ, ನೀರು ಕುದಿಯದಿರಲೆಂದೇ ಹೊರಗಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು ಹೇರಬೇಕು. ಅಷ್ಟರ ಮಟ್ಟಿಗೆ ಸೋಡಿಯಂ ಸಾಧು. ಆದರೆ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಅದರ ಕಡಲೆಕಾಳಿನಷ್ಟು ಚೂರನ್ನು ನೀರಿಗೆ ಹಾಕಿ ನೋಡಿದವರಿಗೆ ಗೊತ್ತು: ಅದು ಬುಸ್ ಎನ್ನುತ್ತಾ ನೀರಿನ ಮೇಲೆ ಓಡಾಡಿ ಕಿಡಿ ಕಾರುತ್ತದೆ. 1995ರ ಡಿಸೆಂಬರ್‌ನಲ್ಲಿ ಜಪಾನಿನ ಮೊಂಜು ರಿಯಾಕ್ಟರಿನಲ್ಲಿ ಸೋಡಿಯಂ ಸೋರಿ ಬೆಂಕಿ ಹತ್ತಿತ್ತು. ವಿಕಿರಣ ಹೊರಬರಲಿಲ್ಲ, ಆದರೆ ರಿಯಾಕ್ಟರ್ ಹದಿನಾಲ್ಕು ವರ್ಷಕ್ಕೂ ಹೆಚ್ಚು ನಿಂತೇ ಇತ್ತು. ಪೈಪ್ ಸೋರಿದರೆ ಏನು ಮಾಡುತ್ತೀರಿ ಎಂದು ಆಯೋಗದ ತಜ್ಞರು ಕೂತು ಕೇಳುವುದು ಅದಕ್ಕೇ. ಜೊತೆಗೆ ಈ ವಿನ್ಯಾಸದಲ್ಲಿ ವಿಕಿರಣ ಹೊರಹೋಗದಂತೆ ತಡೆಯುವ, ಹಳೆಯ ಮಾದರಿಯ ದಪ್ಪ ಕಾಂಕ್ರೀಟ್ ಗುಮ್ಮಟ ಇಲ್ಲ. ಟೀಕಾಕಾರರು ಹಿಡಿದು ಎಳೆಯುವುದು ಇದನ್ನೇ. ನನಗೂ ಅದು ಸಣ್ಣ ಪ್ರಶ್ನೆ ಅನಿಸುವುದಿಲ್ಲ.

ಆದರೂ ಆಯೋಗದ ಪರಿಶೀಲನೆ ಬೇಗ ಮುಗಿಯಿತು. 27 ತಿಂಗಳು ಬೇಕು ಎಂದಿದ್ದದ್ದು ಸುಮಾರು 18 ತಿಂಗಳಲ್ಲಿ, 2025ರ ಡಿಸೆಂಬರ್‌ಗೆ ಆಯಿತು.

ತಮಾಷೆ ಎಂದರೆ, ಈ ಯೋಜನೆಗೆ ಮೊದಲ ದೊಡ್ಡ ಪೆಟ್ಟು ಲೈಸೆನ್ಸಿನಿಂದ ಬಂದದ್ದಲ್ಲ, ಇಂಧನದಿಂದ. ಮಾಮೂಲಿ ರಿಯಾಕ್ಟರಿಗೆ ಶೇಕಡ 5ರೊಳಗೆ ಸಂವರ್ಧಿಸಿದ, ಅಂದರೆ ಸುಲಭವಾಗಿ ಸೀಳುವ ಯುರೇನಿಯಂ-235ರ ಪಾಲನ್ನು ಅಷ್ಟಕ್ಕೆ ಏರಿಸಿದ, ಯುರೇನಿಯಂ ಸಾಕು. ಇದಕ್ಕೆ ಶೇಕಡ 20ಕ್ಕೆ ಹತ್ತಿರದ್ದು ಬೇಕು. ಅದನ್ನು ಆಗ ವ್ಯಾಪಾರಕ್ಕೆ ಮಾರುತ್ತಿದ್ದದ್ದು ರಷ್ಯಾ ಒಂದೇ. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಡಿಸೆಂಬರ್‌ನಲ್ಲಿ, ಕನಿಷ್ಠ ಎರಡು ವರ್ಷ ತಡ ಎಂದು ಕಂಪನಿಯೇ ಹೇಳಿತು. ಇನ್ನು ಆಯೋಗದ ಈ ಪರಿಶೀಲನೆ ಕಟ್ಟುವುದಕ್ಕೆ ಮಾತ್ರ. ಓಡಿಸುವ ಲೈಸೆನ್ಸಿಗೆ ಬೇರೆ ಅರ್ಜಿ, ಬೇರೆ ಪರಿಶೀಲನೆ. ಅದು ಸಿಗದೆ ಒಂದು ಇಂಧನ ಸರಳನ್ನೂ ಒಳಗೆ ಇಳಿಸುವಂತಿಲ್ಲ.