ಮೂರು ದಿನದಿಂದ ‘ಹೊರಗೆ ಹೋಗದ’ ಅಜ್ಜ

‘ಪೇಷೆಂಟ್ ಹ್ಯಾಸ್ ನಾಟ್ ಗಾನ್ ಔಟ್ ಫಾರ್ ತ್ರೀ ಡೇಸ್.’ ಬೆಳಗಿನ ರೌಂಡ್ಸ್‌ನಲ್ಲಿ ಕೇಸ್ ಶೀಟಿನ ಈ ಸಾಲು ಓದಿ, ಮನೋವೈದ್ಯರಿಗೆ ತೋರಿಸಬೇಕೇನೋ ಅಂದುಕೊಂಡೆ. ಅಜ್ಜ ನೋಡಿದರೆ ಹೊಟ್ಟೆ ಉಬ್ಬರಿಸಿಕೊಂಡು ನರಳುತ್ತಿದ್ದರು. ‘ಹೊರಕಡೆ ಹೋಗಿ ಮೂರು ದಿನ ಆತ್ರೀ ಸಾಹೇಬ್ರ’ ಎಂದು ಅವರು ಹೇಳಿದ್ದನ್ನು, ಬೇರೆ ರಾಜ್ಯದಿಂದ ಬಂದಿದ್ದ ನಮ್ಮ ಹೌಸ್ ಸರ್ಜನ್ ಪದಕ್ಕೆ ಪದ ಇಂಗ್ಲಿಷಿಗಿಳಿಸಿದ್ದ. ಕರುಳು ಕಟ್ಟಿಲ್ಲವೆಂದು ಎಕ್ಸ್‌ರೇಯಲ್ಲಿ ಖಾತ್ರಿಯಾದ ಮೇಲೆ ಎನಿಮಾ ಕೊಟ್ಟೆವು. ಸಂಜೆ ಹೊತ್ತಿಗೆ ಅಜ್ಜ ಹೊರಕಡೆಗೂ ಹೋದರು, ಹೊರಗೂ ಹೋದರು.

ರೋಗಿಯ ಮುಖ್ಯ ತೊಂದರೆಯನ್ನು ಅವರದೇ ಮಾತಿನಲ್ಲಿ ಬರೆಯಿರಿ ಎಂದು ವೈದ್ಯಕೀಯ ಕಾಲೇಜಿನಲ್ಲಿ ನಮಗೆ ಕಲಿಸುತ್ತಾರೆ. ಆ ಮಾತು ಕನ್ನಡದ್ದು, ಕೇಸ್ ಶೀಟು ಇಂಗ್ಲಿಷಿನದು, ಹೊರಗೆ ಓಪಿಡಿ ಸಾಲು ಬಾಗಿಲವರೆಗೆ. ಹಾಗಾಗಿ ಜೋಮು, ಉರಿ, ಚಳಕು, ಸೆಳೆತ ಎಲ್ಲವೂ ‘ಪೇನ್’ ಆಗಿಬಿಡುತ್ತವೆ. ಸಕ್ಕರೆ ಕಾಯಿಲೆಯವರು ಅಂಗಾಲು ಜೋಮು, ಉರಿ ಎಂದರೆ ನಾನು ಮೊದಲು ನರ ನೋಡುತ್ತೇನೆ; ‘ಎದೆ ಹಿಂಡಿದ ಹಾಗಾಗ್ತದೆ’ ಎಂದರೆ ಇಸಿಜಿಗೆ ಓಡುತ್ತೇನೆ. ಬರೀ ‘ಪೇನ್’ ಓದಿ ಎಲ್ಲಿಗೆ ಓಡುವುದು?

ಕಂಪ್ಯೂಟರ್ ಬಂದ ಮೇಲೆ ಕೈಬರಹದ ಕಾಟ ತಪ್ಪಿತು, ಕಾಪಿ-ಪೇಸ್ಟ್ ವಕ್ಕರಿಸಿತು. ಎಡಗಾಲು ತೆಗೆದ ಮರುದಿನದ ಟಿಪ್ಪಣಿಯಲ್ಲಿ ‘ಎರಡೂ ಪಾದಗಳಲ್ಲಿ ನಾಡಿ ಚೆನ್ನಾಗಿದೆ’ ಎಂದಿದ್ದುದನ್ನು ನಾನೇ ಓದಿದ್ದೇನೆ. ತಪಾಸಣೆ ಸಹಜವಿದ್ದರೆ ನಾವು ‘ಎನ್‌ಎಡಿ’ ಎಂದು ಬರೆಯುತ್ತೇವೆ: ಯಾವ ದೋಷವೂ ಕಂಡುಬಂದಿಲ್ಲ ಅಂತ. ಆ ಮೂರಕ್ಷರ ಬಿಡಿಸಿದರೆ ‘ನಾಟ್ ಆಕ್ಚುವಲಿ ಡನ್’, ಅಂದರೆ ತಪಾಸಣೆ ಮಾಡಿಯೇ ಇಲ್ಲ, ಎಂಬುದು ವೈದ್ಯರೊಳಗಿನ ಹಳೆಯ ಕುಹಕ.

ನಗು ಬಾರದ ಜಾಗವೂ ಒಂದಿದೆ. ಇನ್ಸುಲಿನ್ 4 ಯೂನಿಟ್ ಎಂಬುದಕ್ಕೆ ಅಂಕಿಯ ಪಕ್ಕ ಇಂಗ್ಲಿಷಿನ ‘ಯು’ ಗೀಚಿದರೆ ಅದು ಸೊನ್ನೆಯಂತೆ ಕಂಡು 40 ಆಗಬಹುದು, ಆ ಡೋಸು ಜೀವಕ್ಕೇ ಮುಳುವಾಗಬಹುದು. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿ ಮಾಡಿದಾಗ ಈ ‘ಯು’ವನ್ನೂ ಸೇರಿಸಿತು. ನಮ್ಮ ವಾರ್ಡಿನಲ್ಲಿ ‘ಯೂನಿಟ್’ ಎಂದು ಪೂರ್ತಿ ಬರೆಯದವರಿಗೆ ನನ್ನ ಬೈಗುಳ ಗ್ಯಾರಂಟಿ.

2002ರ ವೈದ್ಯಕೀಯ ಮಂಡಳಿ ನಿಯಮಗಳ ಪ್ರಕಾರ, ಒಳರೋಗಿಯಾಗಿದ್ದವರು ಕೇಳಿದರೆ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು. ಈಗೀಗ ಜನ ಕೇಳಿ ಪಡೆದು ಓದುತ್ತಾರೆ ಕೂಡ. ಮೊನ್ನೆ ಮೀಸೆ ಹೊತ್ತ ಯಜಮಾನರೊಬ್ಬರು ಸ್ಕ್ಯಾನ್ ವರದಿ ಹಿಡಿದು ಬಂದರು. ಹಿಂದಿನ ರೋಗಿಯ ಸಾಲೊಂದು ಅದರಲ್ಲಿ ಹಾಗೇ ಉಳಿದಿತ್ತು: ಗರ್ಭಕೋಶ ಸಹಜ ಗಾತ್ರದಲ್ಲಿದೆ.

‘ಸಹಜ ಅಂತ ಬರೆದಾರಲ್ರೀ ಡಾಕ್ಟ್ರೇ,’ ಅಂದರು, ‘ಹಂಗಾರ ಚಿಂತಿ ಇಲ್ಲ ಹೌದಲ್ಲೋ?’