ಸ್ವಿಫ್ಟ್‌ನ ನಾಲ್ಕು ತಲೆಮಾರು: ಎರಡು ಪಂಚಾಂಗ ಇಟ್ಟುಕೊಂಡು ಓದಬೇಕಾದ ಪಾಠ

ಮೈಸೂರಿನ ಬನ್ನಿಮಂಟಪದ ಕಡೆ ನಾವು ಆಗಾಗ ಹೋಗುವ ಒಂದು ಗ್ಯಾರೇಜಿದೆ. ಕಳೆದ ಶನಿವಾರ ಅದರ ಅಂಗಳದಲ್ಲಿ ನಾಲ್ಕು ಮಾರುತಿ ಸುಜುಕಿ ಸ್ವಿಫ್ಟ್‌ಗಳು ಒಂದೇ ಸಾಲಿನಲ್ಲಿ ನಿಂತಿದ್ದವು. ಎರಡರ ಮೇಲೆ ಕೆಎ-09, ಒಂದರ ಮೇಲೆ ಕೆಎ-55, ಇನ್ನೊಂದು ಮಂಡ್ಯದ ಕೆಎ-11. ನಾಲ್ಕೂ ಬೇರೆ ಬೇರೆ ತಲೆಮಾರಿನವು. ಆಟೊಮೊಬೈಲ್ ಓದುವವರಿಗೆ ಇಂಥ ಸಾಲು ಕಣ್ಣಿಗೆ ಬೀಳುವುದೇ ಒಂದು ಹಬ್ಬ. ಗ್ರಿಲ್, ಹೆಡ್‌ಲೈಟ್ ನೋಡಿಕೊಂಡು ನಾವು ಒಂದೊಂದರ ವರ್ಷ ಹೇಳುತ್ತಾ ಹೋದೆವು. ಕೈ ಒರೆಸಿಕೊಳ್ಳುತ್ತಾ ಬಂದ ಮೇಸ್ತ್ರಿ, "ಮುಖ ನೋಡಿ ವಯಸ್ಸು ಹೇಳಿದಿರಿ. ಒಳಗೆ ಯಾವ ಎಂಜಿನ್ ಇದೆ ಎಂದು ಹೇಳಿ ನೋಡೋಣ" ಎಂದರು. ಎಲ್ಲಕ್ಕಿಂತ ಹಳೆಯ ಕಾರನ್ನು ತೋರಿಸಿ, 1.3 ಲೀಟರ್ ಎಂದೆವು. ಬಾನೆಟ್ ಎತ್ತಿದರೆ ಒಳಗೆ ಇದ್ದದ್ದು 1.2 ಲೀಟರ್‌ನ ಕೆ-ಸರಣಿ ಎಂಜಿನ್.

ಆ ತಪ್ಪಿನಿಂದ ಹುಟ್ಟಿದ ಟಿಪ್ಪಣಿ ಇದು. ಕಾರಿನ ತಲೆಮಾರು ಎಂದರೆ ಮೈಕಟ್ಟಿನ ತಲೆಮಾರು. ಎಂಜಿನ್ನಿನ ತಲೆಮಾರು ಬೇರೆಯೇ ಲೆಕ್ಕದಲ್ಲಿ ನಡೆಯುತ್ತದೆ. ಭಾರತದಲ್ಲಿ ಸ್ವಿಫ್ಟ್‌ನ ಮೈಕಟ್ಟು ಬದಲಾದದ್ದು 2005, 2011, 2018 ಮತ್ತು 2024ರಲ್ಲಿ. ಎಂಜಿನ್ ಬದಲಾದದ್ದು 2007, 2010, 2020, 2021 ಮತ್ತು 2024ರಲ್ಲಿ. ಎರಡೂ ಪಟ್ಟಿ ಕೂಡುವುದು ಕೊನೆಯ ವರ್ಷದಲ್ಲಿ ಮಾತ್ರ. ಮೊದಲನೆಯದು ಕಂಪನಿಯ ಪಂಚಾಂಗ. ಎರಡನೆಯದನ್ನು ಅರ್ಥ ಮಾಡಿಕೊಳ್ಳಲು ಸರ್ಕಾರದ ಪಂಚಾಂಗ ಬೇಕು: ತೆರಿಗೆ, ಹೊಗೆಯ ಮಿತಿ, ಇಂಧನದ ಬೆಲೆ, ಸುರಕ್ಷತೆಯ ನಿಯಮ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಈ ಕಾರಿನಲ್ಲಿ ಆದ ಬದಲಾವಣೆಗಳಲ್ಲಿ ಬಹುಪಾಲಿಗೆ ಕಾರಣ ಸಿಗುತ್ತದೆ.

ಹೆಸರು ಹಳೆಯದು, ಕಾರು ಹೊಸದು

ಸ್ವಿಫ್ಟ್ ಎಂಬ ಹೆಸರು 2005ಕ್ಕಿಂತ ಎಷ್ಟೋ ಹಿಂದಿನದು. ಸುಜುಕಿಯ ಕಲ್ಟಸ್ ಎಂಬ ಕಾರು ಹೊರದೇಶಗಳಲ್ಲಿ 1980ರ ದಶಕದಿಂದಲೇ ಈ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅದೇ ಕಲ್ಟಸ್ ನಮ್ಮಲ್ಲಿಗೆ 1990ರಲ್ಲಿ ಮಾರುತಿ 1000 ಆಗಿ, ಆಮೇಲೆ ಎಸ್ಟೀಮ್ ಆಗಿ ಬಂದಿತು. ಹಾಗಾಗಿ ವಿದೇಶಿ ಲೇಖನಗಳಲ್ಲಿ ತಲೆಮಾರಿನ ಎಣಿಕೆ ಬೇರೆ ಥರ ಕಂಡರೆ ಗೊಂದಲ ಬೇಡ. ಇಲ್ಲಿ ನಾನು ಎಣಿಸುತ್ತಿರುವುದು ನಮ್ಮ ರಸ್ತೆಯ ಸ್ವಿಫ್ಟ್‌ಗಳನ್ನು.

2005ರ ಮೇ ತಿಂಗಳಲ್ಲಿ ಬಂದ ಮೊದಲ ಸ್ವಿಫ್ಟ್ ನೋಟದಲ್ಲಿ ಪೂರ್ತಿ ಹೊಸದು. ಕಪ್ಪು ಬಣ್ಣದ ಮುಂಗಂಬಗಳಿಂದಾಗಿ ಗಾಜು ಮುಂದಿನಿಂದ ಪಕ್ಕಕ್ಕೆ ಒಂದೇ ಪಟ್ಟಿಯಾಗಿ ಸುತ್ತಿಕೊಂಡಂತೆ ಕಾಣುತ್ತಿತ್ತು. ಆದರೆ ಬಾನೆಟ್ ಕೆಳಗಿನ 1298 ಸಿಸಿ ಎಂಜಿನ್ ಹಳೆಯ ಬಳಗದ್ದೇ. ಎಸ್ಟೀಮ್‌ನಲ್ಲಿ ಆಗಲೇ ಓಡುತ್ತಿದ್ದ ಜಿ13 ಕುಟುಂಬ. ಹೊಸ ಮನೆಗೆ ಹಳೆಯ ಒಲೆ ಇಟ್ಟ ಹಾಗೆ. ಹೊಸ ಮೈಕಟ್ಟು, ಹೊಸ ಎಂಜಿನ್ ಎರಡನ್ನೂ ಒಟ್ಟಿಗೆ ಮಾರುಕಟ್ಟೆಗೆ ತರುವುದು ಖರ್ಚಿನ ಮತ್ತು ಅಪಾಯದ ಕೆಲಸ. ಒಂದು ಪಳಗಿದ್ದರೆ ಇನ್ನೊಂದನ್ನು ಧೈರ್ಯವಾಗಿ ಬದಲಿಸಬಹುದು.

1298 ಹೇಗೆ 1197 ಆಯಿತು

ಈ ಭಾಗವನ್ನು ನಿಧಾನವಾಗಿ ಓದಿ. ಇಡೀ ಪಾಠದಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ.

2006ರ ಕೇಂದ್ರ ಬಜೆಟ್ 'ಸಣ್ಣ ಕಾರು' ಎಂದರೇನು ಎಂಬುದಕ್ಕೆ ಗೆರೆ ಎಳೆಯಿತು. ಉದ್ದ 4000 ಮಿ.ಮೀ. ಮೀರಬಾರದು, ಪೆಟ್ರೋಲ್ ಎಂಜಿನ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟಬಾರದು. ಗೆರೆಯೊಳಗೆ ಇರುವ ಕಾರಿಗೆ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಯಿತು. ಸ್ವಿಫ್ಟ್ ಉದ್ದದಲ್ಲಿ ಪಾಸಾಯಿತು. 1298 ಸಿಸಿಯ ಪೆಟ್ರೋಲ್ ಎಂಜಿನ್ 98 ಸಿಸಿಯಿಂದ ಹೊರಗುಳಿಯಿತು.

ಈಗ ಕಾಗದ, ಪೆನ್ನು ತೆಗೆದುಕೊಳ್ಳಿ. ಸುಜುಕಿಯ ಕೆ12ಬಿ ಎಂಜಿನ್ ಜಪಾನಿನಲ್ಲಿ 1242 ಸಿಸಿ. ಬೋರ್, ಅಂದರೆ ಸಿಲಿಂಡರಿನ ಅಡ್ಡಳತೆ, 73 ಮಿ.ಮೀ. ಸ್ಟ್ರೋಕ್, ಅಂದರೆ ಅದರೊಳಗೆ ಪಿಸ್ಟನ್ ಓಡುವ ದೂರ, 74.2 ಮಿ.ಮೀ. ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 4185 ಚದರ ಮಿ.ಮೀ. ಅದನ್ನು 74.2ರಿಂದ ಗುಣಿಸಿ, ನಾಲ್ಕು ಸಿಲಿಂಡರಿಗೆ ಲೆಕ್ಕ ಹಾಕಿ, ಸಿಸಿಗೆ ತರಲು ಸಾವಿರದಿಂದ ಭಾಗಿಸಿದರೆ 1242 ಸಿಸಿ ಬರುತ್ತದೆ. ಭಾರತಕ್ಕೆ ಬಂದ ಕೆ12ಎಂ ಎಂಜಿನ್ನಿನ ಬೋರ್ ಅದೇ 73. ಸ್ಟ್ರೋಕ್ ಮಾತ್ರ 71.5. ಮತ್ತೆ ಗುಣಿಸಿ: 1197 ಸಿಸಿ. ಪಿಸ್ಟನ್ನಿನ ಓಟದಲ್ಲಿ 2.7 ಮಿ.ಮೀ. ಕಡಿಮೆಯಾದರೆ ಕಾರು ತೆರಿಗೆಯ ಗೆರೆಯೊಳಗೆ ಬಂದು ಕೂರುತ್ತದೆ. ಪಿಸ್ಟನ್ನಿನ ಓಟವನ್ನು ತಿರುಗಾಟವಾಗಿ ಬದಲಿಸುವ ಕ್ರ್ಯಾಂಕ್‌ಶಾಫ್ಟಿನ ಅಳತೆ ತೆರಿಗೆ ಕಾನೂನಿನ ಪಕ್ಕದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆ ಬೇರೊಂದನ್ನು ನಾನು ಓದಿಲ್ಲ.

ಈ ಎಂಜಿನ್ 2009ರಲ್ಲಿ ಮೊದಲು ಮಾರುತಿಯದೇ ರಿಟ್ಜ್‌ಗೆ, 2010ರಲ್ಲಿ ಸ್ವಿಫ್ಟ್‌ಗೆ ಬಂದಿತು. ಹೊರಗಿನ ಮೈ ಹಾಗೇ ಇತ್ತು. ನಾವು ಗ್ಯಾರೇಜಿನಲ್ಲಿ ಎಡವಿದ್ದು ಇಲ್ಲಿಯೇ. ಸ್ವಿಫ್ಟ್‌ನ ಸೆಡಾನ್ ರೂಪವಾದ ಡಿಸೈರ್‌ನಲ್ಲಿ ಇದೇ ಗೆರೆ ಇನ್ನೂ ಎದ್ದು ಕಾಣುತ್ತದೆ: 2008ರಲ್ಲಿ 4160 ಮಿ.ಮೀ. ಇದ್ದ ಕಾರು 2012ರಲ್ಲಿ 3995ಕ್ಕೆ ಇಳಿಯಿತು. ಹಿಂಬದಿ ಮೊಟಕಾಗಿ ಕಾಣುವುದಕ್ಕೆ ಕಾರಣ ಅಷ್ಟೇ. ಗೆರೆ ಇಂದಿಗೂ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಾಗಲೂ ಅದೇ 4000, ಅದೇ 1200, ಅದೇ 1500.

ಡೀಸೆಲ್‌ನ ಕಾಲ

2007ರ ಆರಂಭದಲ್ಲಿ ಬಂದ ಡೀಸೆಲ್ ಎಂಜಿನ್ ಫಿಯೆಟ್ ವಿನ್ಯಾಸದ ಮಲ್ಟಿಜೆಟ್, 1248 ಸಿಸಿ. ಗೆರೆಯ ಒಳಗೇ ಇದ್ದದ್ದು. ಒಂದೇ ಸ್ಫೋಟದ ಬದಲು ಇಂಧನವನ್ನು ಒಂದು ಸುತ್ತಿನಲ್ಲಿ ಹಲವು ಸಣ್ಣ ಕಂತುಗಳಲ್ಲಿ ಚಿಮುಕಿಸುವುದು ಅದರ ಗುಟ್ಟು. ಒತ್ತಡ ಒಮ್ಮೆಲೇ ಏರುವುದಿಲ್ಲವಾದ್ದರಿಂದ ಹಳೆಯ ಡೀಸೆಲ್‌ಗಳ ಬಡಿತ ತಗ್ಗುತ್ತದೆ. ಶಕ್ತಿ 75 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ), ಟಾರ್ಕ್ ಅಂದರೆ ತಿರುಗಿಸುವ ಬಲ 190 ನ್ಯೂಟನ್ ಮೀಟರ್. ಅದೇ ಗಾತ್ರದ ಪೆಟ್ರೋಲ್ ಎಂಜಿನ್ನಿನ ಟಾರ್ಕ್ 113ರ ಆಸುಪಾಸಿನಲ್ಲಿ ಇತ್ತು.

ಆ 190 ಸಿಗುವುದು ನಿಮಿಷಕ್ಕೆ 2000 ಸುತ್ತಿನಲ್ಲಿ. ಇದನ್ನು ಪುಸ್ತಕದ ಗ್ರಾಫಿಗಿಂತ ಚಾಮುಂಡಿ ಬೆಟ್ಟದ ರಸ್ತೆ ಚೆನ್ನಾಗಿ ಕಲಿಸುತ್ತದೆ. ತಿರುವಿನಲ್ಲಿ ಮುಂದಿನ ಬಸ್ ನಿಧಾನವಾಯಿತು ಎನ್ನಿ. ನೀವು ಎರಡನೇ ಗೇರಿನಲ್ಲೇ ಇದ್ದು ಸುತ್ತು 1500ಕ್ಕೆ ಇಳಿದರೆ, ಆ್ಯಕ್ಸಲರೇಟರ್ ತುಳಿದರೂ ಕಾರು ಒಂದು ಕ್ಷಣ ಯೋಚಿಸುತ್ತದೆ. ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ, ಆ ಹರಿವು ಸಾಲದೆ ಇನ್ನೂ ಎದ್ದಿರುವುದಿಲ್ಲ. ಮೊದಲ ಗೇರಿಗೆ ಇಳಿಸಿ ಮುಳ್ಳನ್ನು 2000 ದಾಟಿಸಿದರೆ ಅದೇ ಕಾರು ಬೆನ್ನಿಗೆ ಗುದ್ದಿದಂತೆ ನುಗ್ಗುತ್ತದೆ. ಟರ್ಬೊ ಲ್ಯಾಗ್ ಎಂದರೆ ಏನು ಎಂದು ಕೇಳಿದರೆ ನಾನು ಈ ತಿರುವನ್ನೇ ಬರೆಯುತ್ತೇನೆ.

ಇಂಧನದ ಬೆಲೆಯೂ ಈ ಎಂಜಿನ್ನಿನ ಪರವಾಗಿ ನಿಂತಿತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆ ಸರ್ಕಾರದ ನಿಯಂತ್ರಣದಿಂದ ಹೊರಬಂದಿತು. ಡೀಸೆಲ್ ಪೂರ್ತಿಯಾಗಿ ಹೊರಬಂದದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ನಾಲ್ಕು ವರ್ಷ ಡೀಸೆಲ್ ಕಾರಿನ ಸುಗ್ಗಿ. ಮದ್ದೂರು, ಮಳವಳ್ಳಿ ಕಡೆ ಆಲೆಮನೆಗಳ ಮುಂದೆ ಬಿಳಿ ಡೀಸೆಲ್ ಸ್ವಿಫ್ಟ್ ನಿಂತಿರುವುದನ್ನು ನೋಡಿದರೆ ಅದು ಯಾವ ವರ್ಷಗಳ ಖರೀದಿ ಎಂದು ಸುಮಾರಾಗಿ ಊಹಿಸಬಹುದು.

2011ರ ಆಗಸ್ಟ್‌ನಲ್ಲಿ ಬಂದ ಎರಡನೇ ತಲೆಮಾರಿನ ಬಗ್ಗೆ ಹೆಚ್ಚು ಬರೆಯಲು ಇಲ್ಲ. ಚಕ್ರಗಳ ನಡುವಿನ ಅಂತರ 2390ರಿಂದ 2430 ಮಿ.ಮೀ.ಗೆ ಏರಿತು. ಪೆಟ್ರೋಲ್ ಎಂಜಿನ್ನಿಗೆ ಕವಾಟಗಳ ಸಮಯ ಹೊಂದಿಸಿಕೊಳ್ಳುವ ವ್ಯವಸ್ಥೆ ಸೇರಿತು. ಡಿಕ್ಕಿಯ ಜಾಗ ಬರೀ 204 ಲೀಟರ್. ಹೊರನೋಟ ಹಳೆಯದರ ಅಣ್ಣನ ಹಾಗೆ.

2018: ತೂಕ ಇಳಿದದ್ದು, ನಕ್ಷತ್ರ ಏರದೇ ಹೋದದ್ದು

ಮೂರನೇ ತಲೆಮಾರು ಹಾರ್ಟೆಕ್ಟ್ ಎಂಬ ಹೊಸ ತಳಹದಿಯ ಮೇಲೆ ನಿಂತಿತು. ಹೆಚ್ಚು ಬಲದ ಉಕ್ಕು, ಕಡಿಮೆ ಜೋಡಣೆ, ಚೂಪು ಮೂಲೆಗಳ ಬದಲು ಬಾಗಿದ ಚೌಕಟ್ಟು. ಪೆಟ್ರೋಲ್ ಕಾರಿನ ತೂಕ ಹಿಂದಿನದಕ್ಕಿಂತ ಸುಮಾರು 85 ಕೆ.ಜಿ. ಇಳಿಯಿತು. ಎಂಜಿನ್ ಹಳೆಯದೇ ಆದರೂ ಮೈಲೇಜ್ ಪ್ರಮಾಣಪತ್ರದ ಅಂಕಿ 20.4ರಿಂದ 22 ಕಿ.ಮೀ.ಗೆ ಏರಿದ್ದರಲ್ಲಿ ತೂಕದ ಪಾತ್ರ ದೊಡ್ಡದು. ಡಿಕ್ಕಿ 268 ಲೀಟರ್ ಆಯಿತು. ಕ್ಲಚ್ ಪೆಡಲ್ ಇಲ್ಲದ, ಗೇರನ್ನು ತಾನೇ ಬದಲಿಸುವ ಎಎಂಟಿ ಗೇರ್‌ಬಾಕ್ಸ್ ಬಂದಿತು. ಗುರುತಿಗೆ ಒಂದು ಸುಲಭ ಲಕ್ಷಣ: ಹಿಂದಿನ ಬಾಗಿಲಿನ ಹಿಡಿ ಕಿಟಕಿಯ ಪಕ್ಕದ ಕಪ್ಪು ಭಾಗದಲ್ಲಿ ಅಡಗಿರುತ್ತದೆ. ನೋಡಲು ಚೆಂದ, ಕುಳ್ಳಗಿನ ಮಕ್ಕಳ ಕೈಗೆ ಎಟುಕುವುದಿಲ್ಲ. 2024ರಲ್ಲಿ ಹಿಡಿ ಮತ್ತೆ ಬಾಗಿಲಿಗೇ ಬಂದಿತು.

ಇನ್ನು ಸುರಕ್ಷತೆ. ಕಾರುಗಳನ್ನು ಗುದ್ದಿಸಿ ಪರೀಕ್ಷಿಸಿ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ಏರ್‌ಬ್ಯಾಗ್ ಇಲ್ಲದ ಎರಡನೇ ತಲೆಮಾರಿನ ಸ್ವಿಫ್ಟ್‌ಗೆ ವಯಸ್ಕರ ವಿಭಾಗದಲ್ಲಿ ಸೊನ್ನೆ ಕೊಟ್ಟಿತ್ತು. 2018ರಲ್ಲಿ ಮೂರನೇ ತಲೆಮಾರಿಗೆ, ಎರಡು ಏರ್‌ಬ್ಯಾಗ್ ಇದ್ದರೂ, ಎರಡೇ ನಕ್ಷತ್ರ. 2022ರಲ್ಲಿ ಅದೇ ತಲೆಮಾರಿಗೆ ಒಂದು. ಕಾರು ಕೆಟ್ಟಿತೇ ಎಂದು ಸಹಪಾಠಿಯೊಬ್ಬಳು ಕೇಳಿದಳು. ಕಾರಿನ ಕವಚ ಅದೇ, ಪರೀಕ್ಷೆ ಬಿಗಿಯಾಯಿತು. ಪಕ್ಕದಿಂದ ಗುದ್ದಿಸುವ ಪರೀಕ್ಷೆ, ಜಾರುವುದನ್ನು ತಡೆಯುವ ಇಎಸ್‌ಸಿ ಇವೆಲ್ಲ ಅಂಕಪಟ್ಟಿಗೆ ಸೇರಿದವು. ನಕ್ಷತ್ರದ ಸಂಖ್ಯೆ ಬರೆಯುವಾಗ ವರ್ಷವನ್ನೂ ಬರೆಯದೇ ಹೋದರೆ ಅದು ಅರ್ಧ ಉತ್ತರ. ಆದರೆ ಎರಡೂ ಬಾರಿ ಕವಚ ಅಸ್ಥಿರ ಎಂಬ ತೀರ್ಪು ಬಂದದ್ದನ್ನು ನಾವು ಮರೆಯಬಾರದು. ಏರ್‌ಬ್ಯಾಗ್ ಕೆಲಸ ಮಾಡುವುದು ಸುತ್ತಲಿನ ಗೂಡು ಕುಸಿಯದೇ ನಿಂತಾಗ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಮನೆಯವರನ್ನು ಕೂರಿಸಿಕೊಂಡು ಹೋಗುವ ನಮಗೆ ಇದು ಪರೀಕ್ಷೆಯ ಪ್ರಶ್ನೆ ಮಾತ್ರ ಆಗಿ ಉಳಿಯುವುದಿಲ್ಲ.

2020ರ ಏಪ್ರಿಲ್ 1

ಅಂದಿನಿಂದ ದೇಶದಾದ್ಯಂತ ಹೊಗೆಯ ಮಿತಿ ಬಿಗಿ ಮಾಡಿದ ಬಿಎಸ್-6 ನಿಯಮ. ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಮಿನಿಂದ 80ಕ್ಕೆ, ಕಣಗಳ ಮಿತಿ 25ರಿಂದ 4.5ಕ್ಕೆ ಇಳಿಯಿತು. ಪೆಟ್ರೋಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ಇಳಿದದ್ದು 80ರಿಂದ 60ಕ್ಕೆ ಮಾತ್ರ. ಈ ವ್ಯತ್ಯಾಸವೇ ಎಲ್ಲವನ್ನೂ ಹೇಳುತ್ತದೆ. ಡೀಸೆಲ್ ಎಂಜಿನ್ನಿಗೆ ಕಣ ಸೋಸುವ ಡಿಪಿಎಫ್ ಮತ್ತು ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಸಲಕರಣೆ ಜೋಡಿಸಬೇಕು. ದೊಡ್ಡ ಗಾಡಿಯ ಬೆಲೆಯಲ್ಲಿ ಆ ಖರ್ಚು ಕರಗುತ್ತದೆ, ಸಣ್ಣ ಕಾರಿನಲ್ಲಿ ಕರಗುವುದಿಲ್ಲ. ಸ್ವಿಫ್ಟ್‌ನ ಡೀಸೆಲ್ ಅಧ್ಯಾಯ ಅಲ್ಲಿಗೆ ಮುಗಿಯಿತು. ಮರುವರ್ಷ ಅದೇ ಮೈಕಟ್ಟಿಗೆ ಕೆ12ಎನ್ ಬಂದಿತು: ಅದೇ 1197 ಸಿಸಿ, ಆದರೆ ಒಂದೊಂದು ಸಿಲಿಂಡರಿಗೂ ಎರಡೆರಡು ಇಂಜೆಕ್ಟರ್, 90 ಪಿಎಸ್, 23.2 ಕಿ.ಮೀ.

ನಾಲ್ಕು ಸಿಲಿಂಡರ್ ಮೂರಾದಾಗ

2024ರ ಮೇ ತಿಂಗಳಲ್ಲಿ ಬಂದ ನಾಲ್ಕನೇ ತಲೆಮಾರಿನಲ್ಲಿ ಆರು ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಸಿಕ್ಕವು. ಆದರೆ ನಮ್ಮ ಪಾಠ ಝಡ್12ಇ ಎಂಜಿನ್ನಿನಲ್ಲಿದೆ. ಮತ್ತೆ ಲೆಕ್ಕ ಮಾಡಿ: ಬೋರ್ 74, ಸ್ಟ್ರೋಕ್ 92.8, ಸಿಲಿಂಡರ್ ಮೂರು. ಉತ್ತರ ಮತ್ತೆ 1197. ತೆರಿಗೆಯ ಗೆರೆ ಅಲ್ಲಾಡಲಿಲ್ಲ. ಅದರೊಳಗಿನ ಹಂಚಿಕೆ ಬದಲಾಯಿತು. ಮೊದಲು ಸಿಲಿಂಡರಿಗೆ 299 ಸಿಸಿ ಇದ್ದದ್ದು ಈಗ 399.

ಲಾಭ ಏನು? ಉಜ್ಜುವ ಪಿಸ್ಟನ್, ಬೇರಿಂಗ್‌ಗಳು ಕಡಿಮೆ. ಅದೇ ಗಾತ್ರಕ್ಕೆ ಗೋಡೆಯ ವಿಸ್ತೀರ್ಣ ಕಡಿಮೆಯಾದ್ದರಿಂದ ಶಾಖ ಸೋರುವುದೂ ಕಡಿಮೆ. ಸ್ಟ್ರೋಕ್ ಉದ್ದ, ದಹನಕೋಶ ಅಡಕ. ಮೈಲೇಜ್ 24.8ಕ್ಕೆ, ಎಎಂಟಿಯಲ್ಲಿ 25.75ಕ್ಕೆ ಏರಿತು.

ನಷ್ಟವೂ ಇದೆ. ಶಕ್ತಿ 90ರಿಂದ 82 ಪಿಎಸ್‌ಗೆ ಇಳಿಯಿತು. ಪಿಸ್ಟನ್ನಿನ ಸರಾಸರಿ ವೇಗ ಹಾಕಿ ನೋಡಿ: 5700 ಸುತ್ತಿನಲ್ಲಿ ಹೊಸದು ಸೆಕೆಂಡಿಗೆ 17.6 ಮೀಟರ್ ಓಡುತ್ತದೆ. ಹಳೆಯದು 6000 ಸುತ್ತಿನಲ್ಲೂ 14.3. ಉದ್ದ ಸ್ಟ್ರೋಕಿನ ಎಂಜಿನ್ ಹೆಚ್ಚು ಸುತ್ತನ್ನು ಇಷ್ಟಪಡುವುದಿಲ್ಲ.

ಇನ್ನು ನಡುಕ. ನಾಲ್ಕು ಸಿಲಿಂಡರಿನಲ್ಲಿ ಕ್ರ್ಯಾಂಕಿನ ಪ್ರತಿ 180 ಡಿಗ್ರಿಗೆ ಒಂದು ಸ್ಫೋಟ, ಮೂರರಲ್ಲಿ 240 ಡಿಗ್ರಿಗೆ ಒಂದು. ಮೇಲೆ ಕೆಳಗೆ ಎಳೆಯುವ ಬಲಗಳು ಮೂರರಲ್ಲಿ ತಮ್ಮತಮ್ಮಲ್ಲೇ ಕಳೆದುಹೋಗುತ್ತವೆ ನಿಜ, ಆದರೆ ಒಂದೇ ಜಾಗದಲ್ಲಿ ಅಲ್ಲ. ಒಂದು ತುದಿ ಏರಿದಾಗ ಇನ್ನೊಂದು ತುದಿ ಇಳಿಯುತ್ತದೆ, ಏತದ ಮರದ ಹಾಗೆ. ಈ ತೂಗಾಟವನ್ನು ಎಂಜಿನ್ನನ್ನು ಹೊತ್ತಿರುವ ಮೌಂಟ್‌ಗಳು ನುಂಗಬೇಕು. ಮೇಸ್ತ್ರಿ ನಾಲ್ಕನೇ ತಲೆಮಾರಿನ ಕೆಎ-55 ಕಾರನ್ನು ಸ್ಟಾರ್ಟ್ ಮಾಡಿ, ಸ್ಟೀಲ್ ಲೋಟದಲ್ಲಿ ಅರ್ಧ ನೀರು ತುಂಬಿ ಎಂಜಿನ್ ಮುಚ್ಚಳದ ಮೇಲೆ ಇಟ್ಟರು. ಆ್ಯಕ್ಸಲರೇಟರ್ ತುಳಿಯದೆ ಬಿಟ್ಟ ಐಡ್ಲಿಂಗ್‌ನಲ್ಲಿ ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದವು. ಸುತ್ತು ಏರಿಸಿದಾಗ ಉಂಗುರಗಳು ಒತ್ತೊತ್ತಾಗಿ, ಕಣ್ಣಿಗೆ ಕಾಣದಷ್ಟು ನವಿರಾದವು. ಅದೇ ಲೋಟವನ್ನು ಮೊದಲ ಕಾರಿನ ನಾಲ್ಕು ಸಿಲಿಂಡರಿನ ಮೇಲೆ ಇಟ್ಟಾಗ ಐಡ್ಲಿಂಗ್‌ನಲ್ಲೇ ನೀರು ಹೆಚ್ಚು ಶಾಂತವಾಗಿತ್ತು.

ನೀವೂ ಮಾಡಿ ನೋಡಬಹುದಾದ ಒಂದು ಕೆಲಸ ಇದೆ. ಮನೆಯ ಹತ್ತಿರ ಯಾರದಾದರೂ ಸ್ವಿಫ್ಟ್ ಇದ್ದರೆ ಕೇಳಿ ಅದರ ಆರ್‌ಸಿ ನೋಡಿ. ಸಿಸಿಯ ಜಾಗದಲ್ಲಿ 1298 ಎಂದಿದ್ದರೆ ಅದು 2010ಕ್ಕಿಂತ ಹಿಂದಿನ ಪೆಟ್ರೋಲ್ ಎಂಜಿನ್, 1248 ಎಂದಿದ್ದರೆ ಡೀಸೆಲ್. 1197 ಎಂದಿದ್ದರೆ ಸಿಲಿಂಡರ್ ಸಂಖ್ಯೆ ಮೂರೋ ನಾಲ್ಕೋ ಎಂದು ನೋಡಬೇಕು. ಕೆಎ-11 ಕಾರಿನ ಆರ್‌ಸಿಯಲ್ಲಿ 1248 ಎಂದಿತ್ತು. ಅದರ ಮಾಲೀಕರು ಸಂಜೆ ಬಂದು, ಎಣ್ಣೆ ಕಡ್ಡಿ ಎಳೆದು ಮಟ್ಟ ನೋಡಿ, ಸ್ಟಾರ್ಟ್ ಮಾಡಿ, ಒಂದು ನಿಮಿಷ ಹಾಗೇ ಬಿಟ್ಟು, ಮದ್ದೂರಿನ ಕಡೆ ಹೊರಟರು.